ಬಿಡುವಿನ ದಿನದ ಬೆಲೆ

ರಜೆ ಬಂದಿತೆಂದರೆ ವಿದ್ಯಾರ್ಥಿಗಳ ಮುಖ ಅರಳುವುದು ಸಹಜ. ಆದರೆ ರಜೆ ಮುಗಿದು ಶಾಲೆಯ ಬಾಗಿಲು ಮತ್ತೆ ತೆರೆದ ದಿನ, “ರಜೆಯಲ್ಲಿ ಏನು ಮಾಡಿದಿರಿ?” ಎಂದು ನಾವು ತರಗತಿಯಲ್ಲಿ ಕೇಳಿದಾಗ ದೊರೆಯುವ ಉತ್ತರಗಳು ಎರಡೇ ಬಗೆಯವು. ಊರಿಗೆ ಹೋಗಿ ಬಂದವರು ಜಾತ್ರೆ, ಅಜ್ಜಿಯ ಮನೆ, ಗದ್ದೆ ತೋಟಗಳ ಮಾತನ್ನು ಸಂಭ್ರಮದಿಂದ ಆಡುತ್ತಾರೆ. ಊರಿಗೆ ಹೋಗಲಾಗದೆ ಇಲ್ಲಿಯೇ ಉಳಿದವರು ತಲೆ ತಗ್ಗಿಸಿ, “ಏನೂ ಇಲ್ಲ ಸರ್, ಮನೆಯಲ್ಲಿಯೇ ಇದ್ದೆವು” ಎನ್ನುತ್ತಾರೆ. ಈ “ಏನೂ ಇಲ್ಲ” ಎಂಬ ಮಾತು ನಮ್ಮ ಮನಸ್ಸನ್ನು ಬಹುಕಾಲದಿಂದ ಚುಚ್ಚುತ್ತಿದೆ. ಮುಂಬಯಿಯಂಥ ಮಹಾನಗರದಲ್ಲಿ ವಾಸವಾಗಿದ್ದು, ಕೈಯಲ್ಲಿ ಇಷ್ಟು ದಿನಗಳ ಬಿಡುವನ್ನು ಹೊಂದಿದ್ದು, ಕೊನೆಗೆ “ಏನೂ ಇಲ್ಲ” ಎನ್ನಬೇಕಾಗುವುದು ಮಕ್ಕಳ ತಪ್ಪಲ್ಲ. ಬಿಡುವನ್ನು ಬಳಸುವ ಬಗೆಯನ್ನು ಅವರಿಗೆ ತೋರಿಸದೆ ಹೋದ ಹಿರಿಯರಾದ ನಮ್ಮ ತಪ್ಪು.

“ದೇಶ ಸುತ್ತು, ಕೋಶ ಓದು” ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ; ಪ್ರಬಂಧದ ಮೊದಲ ಸಾಲಿನಲ್ಲಿ ಅದನ್ನು ಬರೆದು ಅಂಕಗಳನ್ನು ಪಡೆದವರೂ ನಿಮ್ಮಲ್ಲಿ ಉಂಟು. ನಮ್ಮ ನಗರದಲ್ಲಿ ಈ ಎರಡು ಕೆಲಸಗಳನ್ನೂ ಒಂದೇ ದಿನದಲ್ಲಿ, ರೈಲಿನ ಒಂದು ಟಿಕೇಟಿನ ಖರ್ಚಿನಲ್ಲಿ ಮಾಡಿಕೊಳ್ಳಬಹುದೆಂಬುದನ್ನು ಮಾತ್ರ ನಾವು ಯಾರೂ ಗಮನಕ್ಕೆ ತಂದುಕೊಂಡಿಲ್ಲ. ಕಳೆದ ದೀಪಾವಳಿಯ ರಜೆಯ ಒಂದು ಶನಿವಾರ ನಾವು ಅದನ್ನು ಪರೀಕ್ಷಿಸಿ ನೋಡಿದೆವು. ಆ ದಿನದ ಅನುಭವವನ್ನೂ ಅದರಿಂದ ನಮ್ಮಲ್ಲಿ ಮೂಡಿದ ಅಭಿಪ್ರಾಯವನ್ನೂ ಇಲ್ಲಿ ನಿವೇದಿಸಬಯಸುತ್ತೇವೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಪುಸ್ತಕವೇ ಆಗಲಿ, ಭಾಷೆಯೇ ಆಗಲಿ, ಯಾರಾದರೂ ಬಿಡುವು ಮಾಡಿಕೊಂಡು ಬಳಸುತ್ತಿರುವವರೆಗೆ ಮಾತ್ರ ಅದು ಉಳಿಯುತ್ತದೆ. ಆದುದರಿಂದ ಪುಸ್ತಕಗಳ ನಡುವೆ ಕಳೆದ ಬಿಡುವಿನ ದಿನವು ವ್ಯರ್ಥವಾದ ದಿನವೆಂಬ ಮಾತನ್ನು ನಾವು ಒಪ್ಪುವುದಿಲ್ಲ.

ಹೊರಟವರು ಒಟ್ಟು 12 ಮಂದಿ ವಿದ್ಯಾರ್ಥಿಗಳು. 8, 9 ಮತ್ತು 10ನೆಯ ತರಗತಿಯವರು. ಈ ಪ್ರವಾಸದ ಮೇಲೆ ಪ್ರಬಂಧವಿಲ್ಲ, ಪ್ರಶ್ನೆಗಳಿಲ್ಲ, ಬಹುಮಾನವೂ ಇಲ್ಲವೆಂದು ಮೊದಲೇ ಸಾರಿದ್ದೆವು. “ಹಾಗಾದರೆ ಯಾಕೆ ಸರ್ ಹೋಗುವುದು?” ಎಂದು ಒಬ್ಬ ಹುಡುಗನು ಮುಗ್ಧವಾಗಿ ಕೇಳಿದನು. ಅಂಕಗಳಿಲ್ಲದ ಕೆಲಸಕ್ಕೆ ಅರ್ಥವಿಲ್ಲವೆಂಬ ಭಾವನೆಯನ್ನು ಎಷ್ಟು ಚಿಕ್ಕಂದಿನಲ್ಲಿಯೇ ನಾವು ಮಕ್ಕಳ ಮನಸ್ಸಿನಲ್ಲಿ ಬಿತ್ತಿದ್ದೇವೆಂಬುದಕ್ಕೆ ಆ ಪ್ರಶ್ನೆಯೇ ಸಾಕ್ಷಿ. ಸಂಜೆಯ ಹೊತ್ತಿಗೆ ಉತ್ತರವು ತಾನಾಗಿಯೇ ದೊರೆಯುವುದೆಂದು ಹೇಳಿ ರೈಲನ್ನು ಹತ್ತಿದೆವು.

ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದು ಕೋಟೆಯ ಭಾಗದಲ್ಲಿ ಸ್ವಲ್ಪ ನಡೆದರೆ ಹಾರ್ನಿಮನ್ ವೃತ್ತದ ಎದುರಿಗೆ ಟೌನ್ ಹಾಲಿನ ಭವ್ಯವಾದ ಕಟ್ಟಡವು ಕಾಣುತ್ತದೆ. 1833ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಮುಂದೆ 30 ಮೆಟ್ಟಿಲುಗಳಿವೆ. ಮೇಲೆ ಎತ್ತರಕ್ಕೆ ನಿಂತ ಕಂಬಗಳಿವೆ. ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯವು ಇಲ್ಲಿದೆ. 1804ರಲ್ಲಿ ಸರ್ ಜೇಮ್ಸ್ ಮ್ಯಾಕಿಂಟಾಷ್ ಎಂಬ ನ್ಯಾಯಾಧೀಶರು ಆರಂಭಿಸಿದ ಸಾಹಿತ್ಯ ಸಂಘವೇ ಮುಂದೆ ಈ ಸಂಸ್ಥೆಯಾಗಿ ಬೆಳೆಯಿತು. ಒಂದು ಲಕ್ಷಕ್ಕಿಂತ ಹೆಚ್ಚು ಪುಸ್ತಕಗಳು ಇಲ್ಲಿವೆ. ಇಟಲಿಯ ಮಹಾಕವಿ ಡಾಂಟೆಯ ಕಾವ್ಯದ ಪ್ರಾಚೀನ ಹಸ್ತಪ್ರತಿಯೊಂದೂ ಇಲ್ಲಿದೆ.

ಇಲ್ಲಿ ನಮ್ಮದೊಂದು ಹಳೆಯ ಸಂಕೋಚವನ್ನು ಒಪ್ಪಿಕೊಳ್ಳಬೇಕು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದ ಹೊಸತರಲ್ಲಿ ನಾವು ಈ ಮೆಟ್ಟಿಲುಗಳ ಮುಂದೆ ಎಷ್ಟೋ ಸಲ ಹಾದುಹೋಗಿದ್ದೆವು, ಒಮ್ಮೆಯೂ ಹತ್ತಿರಲಿಲ್ಲ. ಅದು ಇಂಗ್ಲಿಷು ಬಲ್ಲ ದೊಡ್ಡವರ ಸ್ಥಳ, ಅಲ್ಲಿ ನಮಗೇನು ಕೆಲಸ ಎಂದುಕೊಂಡಿದ್ದೆವು. ಬಾಗಿಲಲ್ಲಿ ಯಾರೂ ನಮ್ಮನ್ನು ತಡೆದಿರಲಿಲ್ಲ. ನಮ್ಮನ್ನು ನಾವೇ ತಡೆದುಕೊಂಡಿದ್ದೆವು. ಮಕ್ಕಳು ಮೊದಲ ಮೆಟ್ಟಿಲಿನ ಬಳಿ ನಿಂತು ಪರಸ್ಪರ ಮುಖ ನೋಡಿಕೊಂಡಾಗ ನಮಗೆ ನಮ್ಮ ಆ ದಿನಗಳೇ ನೆನಪಾದವು. ಆದುದರಿಂದಲೇ ಅವರನ್ನು ಒಳಗೆ ಕರೆದೊಯ್ಯುವ ಮೊದಲು ಮೆಟ್ಟಿಲುಗಳ ಮೇಲೆ ಕುಳ್ಳಿರಿಸಿ ಎರಡು ಸಂಗತಿಗಳನ್ನು ತಿಳಿಸಿದೆವು.

ಮೊದಲನೆಯದು ಇದು. 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅಂದಿನ ಕನ್ನಡಿಗರಲ್ಲಿ ಲಕ್ಷಾಂತರ ಜನರಿಗೆ ಮುಂಬಯಿಯೇ ರಾಜಧಾನಿ. ಸವದತ್ತಿ ಮತ್ತು ಬೆಳಗಾವಿಗಳನ್ನು ಆಳಿದ ರಟ್ಟರ ಕನ್ನಡ ಶಾಸನಗಳನ್ನು ಫ್ಲೀಟ್ ಎಂಬ ವಿದ್ವಾಂಸ ಅಧಿಕಾರಿಯು 19ನೆಯ ಶತಮಾನದಲ್ಲಿ ಓದಿ, ಅರ್ಥ ಬರೆದು ಪ್ರಕಟಿಸಿದ್ದು ಈ ಸೊಸೈಟಿಯ ಪತ್ರಿಕೆಯಲ್ಲಿಯೇ. ಊರಿನ ಗುಡಿಯ ಮುಂದೆ ಮಳೆ ಬಿಸಿಲಿಗೆ ನಿಂತ ಕಲ್ಲಿನ ಮಾತು ಇಲ್ಲಿಯ ಕಪಾಟಿನಲ್ಲಿ ಕಾಗದವಾಗಿ ಕುಳಿತಿದೆ. ಎರಡನೆಯ ಸಂಗತಿ ಕಾನೂನಿನದು. 1954ರಲ್ಲಿ ಭಾರತ ಸರಕಾರವು ಒಂದು ಶಾಸನವನ್ನು ಮಾಡಿತು. ಅದರ ಪ್ರಕಾರ ದೇಶದ ಯಾವ ಭಾಗದಲ್ಲಿ ಯಾವ ಭಾಷೆಯ ಪುಸ್ತಕವು ಅಚ್ಚಾದರೂ ಪ್ರಕಾಶಕರು ಅದರ ಪ್ರತಿಯೊಂದನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಕಳುಹಿಸತಕ್ಕದ್ದು. ಆ ಮೂರರಲ್ಲಿ ಒಂದು ಮದರಾಸಿನ ಕನ್ನೆಮರಾ, ಇನ್ನೊಂದು ದೆಹಲಿಯದು, ಮತ್ತೊಂದು ಮುಂಬಯಿಯ ಸೆಂಟ್ರಲ್ ಲೈಬ್ರರಿ. ಎಂದರೆ, ಗದಗಿನಲ್ಲಾಗಲಿ ಮೈಸೂರಿನಲ್ಲಾಗಲಿ ಅಚ್ಚಾಗುವ ಕನ್ನಡ ಪುಸ್ತಕಕ್ಕೆ ಈ ನಗರದಲ್ಲಿ ಒಂದು ಸ್ಥಾನವಿರಬೇಕೆಂದು ಕಾನೂನೇ ಹೇಳುತ್ತದೆ. ಕನ್ನಡವು ಇಲ್ಲಿ ಯಾರದೋ ಮನೆಯ ಜಗುಲಿಯಲ್ಲಿ ಕುಳಿತ ಅತಿಥಿಯಲ್ಲ.

ಈ ಮಾತುಗಳನ್ನು ಕೇಳಿದ ಮೇಲೆ ಮಕ್ಕಳು ಮೆಟ್ಟಿಲುಗಳನ್ನು ಹತ್ತಿದ ರೀತಿಯೇ ಬೇರೆಯಾಗಿತ್ತು. ಮೊದಲೇ ಅನುಮತಿಯನ್ನು ಪಡೆದಿದ್ದುದರಿಂದ ಒಳಗೆ ಹೋಗಿ ಎತ್ತರವಾದ ಕಪಾಟುಗಳ ನಡುವೆ ನಿಶ್ಶಬ್ದವಾಗಿ ನಡೆದೆವು. ವಾಚನಮಂದಿರದಲ್ಲಿ ಮುದುಕರೊಬ್ಬರು ಪತ್ರಿಕೆಯನ್ನು ಮುಖಕ್ಕೆ ಹತ್ತಿರ ಹಿಡಿದು ಓದುತ್ತಿದ್ದರು. ಒಂದು ಗಂಟೆಯವರೆಗೆ ಅಲ್ಲಿದ್ದರೂ ನಮ್ಮ ಮಕ್ಕಳಲ್ಲಿ ಯಾರೂ “ಹೋಗೋಣ” ಎನ್ನಲಿಲ್ಲ. ತರಗತಿಯಲ್ಲಿ ಹತ್ತು ನಿಮಿಷ ಮೌನವಾಗಿರುವುದು ಇವರಿಗೆ ಎಷ್ಟು ಕಷ್ಟವೆಂಬುದನ್ನು ಬಲ್ಲ ನಮಗೆ ಇದು ಸಣ್ಣ ಆಶ್ಚರ್ಯವಾಗಿರಲಿಲ್ಲ.

ಅಲ್ಲಿಂದ ಫ್ಲೋರಾ ಫೌಂಟನ್ನಿನ ಕಡೆಗೆ ನಡೆದೆವು. ಒಂದು ಕಾಲದಲ್ಲಿ ಇಲ್ಲಿಯ ಕಾಲುದಾರಿಗಳ ಮೇಲೆ ಹಳೆಯ ಪುಸ್ತಕಗಳ ಸಾಲು ಸಾಲು ಅಂಗಡಿಗಳಿದ್ದವು. 2005ರಲ್ಲಿ ಅವುಗಳಲ್ಲಿ ಬಹುಪಾಲನ್ನು ತೆರವು ಮಾಡಲಾಯಿತು. ಆಮೇಲೆ ಕೆಲವು ಮರಳಿದವು. ಉಳಿದ ಅಂಗಡಿಗಳಲ್ಲಿ ಪರೀಕ್ಷೆಯ ಕೈಪಿಡಿಗಳೂ ಇಂಗ್ಲಿಷ್ ಕಾದಂಬರಿಗಳೂ ಹೆಚ್ಚು. ಮಕ್ಕಳು ಕನ್ನಡ ಪುಸ್ತಕಕ್ಕಾಗಿ ಹುಡುಕಿ ನಿರಾಶರಾದರು. ಹಾಗೆಯೇ ಮುಂದೆ ಸಾಗಿ ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಕಟ್ಟಡವನ್ನು ಹೊರಗಿನಿಂದಲೇ ನೋಡಿದೆವು. 1870ರಲ್ಲಿ ಪೂರ್ಣವಾದ ಆ ಕಟ್ಟಡದ ಇತಿಹಾಸವನ್ನು ಮಕ್ಕಳಿಗೆ ಹೇಳದೆ ಇರಲು ನಮ್ಮಿಂದಾಗಲಿಲ್ಲ. 1847ರಲ್ಲಿ ಸರಕಾರದ ಟಂಕಸಾಲೆಯಲ್ಲಿಯೂ ಹಡಗುಕಟ್ಟೆಯಲ್ಲಿಯೂ ದುಡಿಯುತ್ತಿದ್ದ ತರುಣ ಯಂತ್ರಕರ್ಮಿಗಳು ಒಂದುಗೂಡಿ ಯಂತ್ರಗಳ ಮಾದರಿಗಳನ್ನೂ ಪುಸ್ತಕಗಳನ್ನೂ ಕೂಡಿಸತೊಡಗಿದರು. ಆ ಪ್ರಯತ್ನವೇ ಮುಂದೆ ದಾನಿಗಳ ನೆರವಿನಿಂದ ಈ ಗ್ರಂಥಾಲಯವಾಯಿತು. ದಿನವೆಲ್ಲ ಕೈ ಮಸಿ ಮಾಡಿಕೊಂಡು ದುಡಿದವರು ತಮ್ಮ ಬಿಡುವಿನ ಹೊತ್ತಿನಲ್ಲಿ ಕಟ್ಟಿದ ಸಂಸ್ಥೆಯಿದು. ಬಿಡುವು ಸಿರಿವಂತರ ಸೊತ್ತೆಂದು ತಿಳಿದವರು ಈ ಕಟ್ಟಡವನ್ನು ಒಮ್ಮೆ ನೋಡಬೇಕು.

ಮಧ್ಯಾಹ್ನದ ಊಟವನ್ನು ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮುಗಿಸಿದೆವು. ಅಲ್ಲಿಗೆ ಸಮೀಪದಲ್ಲಿರುವ ಕಿಂಗ್ಸ್ ಸರ್ಕಲ್ಲಿನ ಕಾಲುದಾರಿಯ ಮೇಲೆಯೂ ಹಳೆಯ ಪುಸ್ತಕಗಳ ಅಂಗಡಿಗಳಿವೆ. ಕಾಲೇಜಿನ ಹುಡುಗರು ಪಠ್ಯಪುಸ್ತಕಗಳನ್ನು ಕೊಳ್ಳುವುದೂ ಮಾರುವುದೂ ಇಲ್ಲಿಯೇ. ಇಂಜಿನಿಯರಿಂಗ್ ಪುಸ್ತಕಗಳ ದೊಡ್ಡ ರಾಶಿಯೊಂದರ ಅಡಿಯಿಂದ 9ನೆಯ ತರಗತಿಯ ಹುಡುಗಿಯೊಬ್ಬಳು ಬೆನ್ನು ಕಿತ್ತುಹೋದ ಇಂಗ್ಲಿಷ್–ಕನ್ನಡ ನಿಘಂಟೊಂದನ್ನು ಎಳೆದು ತೆಗೆದಳು. ಮೊದಲ ಪುಟದಲ್ಲಿ ಕನ್ನಡ ರಾತ್ರಿಶಾಲೆಯೊಂದರ ಮುದ್ರೆ. ಅದರ ಕೆಳಗೆ ಮಸಿಯಲ್ಲಿ ಬರೆದ ಹೆಸರು, ನೀರು ಬಿದ್ದು ಅಳಿಸಿಹೋಗಿತ್ತು. ವ್ಯಾಪಾರಿಯು 80 ರೂಪಾಯಿ ಕೇಳಿದನು. ಅವಳು ಹಿಂದಿಯಲ್ಲಿ ವಾದಿಸಿ 40 ರೂಪಾಯಿಗೆ ಕೊಂಡಳು.

ಈ ಮುದ್ರೆಯ ಅರ್ಥವನ್ನು ಈಗಿನ ಮಕ್ಕಳಿಗೆ ವಿವರಿಸಿ ಹೇಳಬೇಕಾಗುತ್ತದೆ. ಕರಾವಳಿಯಿಂದ ಹತ್ತು ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಗೆ ಬಂದ ಎಷ್ಟೋ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಬಟ್ಟಲು ತೊಳೆದು, ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತರು. ಅಂಥವರಲ್ಲಿ ಮುಂದೆ ಗುಮಾಸ್ತರಾದವರು, ವಕೀಲರಾದವರು, ಸ್ವಂತ ಹೋಟೆಲು ಹೂಡಿದವರು ಅನೇಕರು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರ ಅಜ್ಜಂದಿರೇ ಹಾಗೆ ಕಲಿತವರು. ಈ ನಿಘಂಟೂ ಅಂಥ ಒಬ್ಬನದಾಗಿರಬೇಕು. ಪುಟಗಳನ್ನು ತಿರುವಿದಂತೆ ಪೆನ್ಸಿಲಿನಿಂದ ಗೆರೆಯೆಳೆದ ಮಾತುಗಳು ಕಂಡವು. ಅರ್ಜಿ, ಅನುಮತಿ, ಮುಂಗಡ, ಜಾಮೀನು, ಉದ್ಯೋಗ ಎಂಬ ಅರ್ಥಗಳುಳ್ಳ ಇಂಗ್ಲಿಷ್ ಶಬ್ದಗಳ ಕೆಳಗೆಲ್ಲ ಎಚ್ಚರಿಕೆಯ ಸಣ್ಣ ಗೆರೆಗಳು. ಅವನಿಗೆ ಬದುಕಿನಲ್ಲಿ ಬೇಕಾಗಿದ್ದ ಶಬ್ದಗಳವು. ‘ಎಂ’ ಅಕ್ಷರದವರೆಗೆ ಗೆರೆಗಳು ಇದ್ದವು. ಮುಂದಿನ ಪುಟಗಳೆಲ್ಲ ಶುಭ್ರ. “ಯಾಕೆ ಸರ್ ನಿಲ್ಲಿಸಿದ?” ಎಂದು ಹುಡುಗಿ ಕೇಳಿದಳು. ನಾವು ಉತ್ತರ ಹೇಳಲಿಲ್ಲ. ಉದ್ಯೋಗ ದೊರೆತು ನಿಲ್ಲಿಸಿರಬಹುದು, ಉದ್ಯೋಗ ಹೋಗಿ ನಿಲ್ಲಿಸಿರಬಹುದು, ಊರಿಗೆ ಮರಳಿರಬಹುದು. ಹೊಸ ಪುಸ್ತಕದಲ್ಲಿ ಬರೆದವರು ಹೇಳಿದ್ದು ಮಾತ್ರ ಇರುತ್ತದೆ. ಹಳೆಯ ಪುಸ್ತಕದಲ್ಲಿ ಓದಿದವರು ಬಿಟ್ಟುಹೋದದ್ದೂ ಇರುತ್ತದೆ. ಹೊಸ ಪುಸ್ತಕವನ್ನು ಕೊಳ್ಳಲಾರೆವೆಂದು ನಾಚಿಕೊಳ್ಳುವ ನಮ್ಮ ಮಕ್ಕಳು ಈ ಲಾಭವನ್ನು ತಿಳಿದುಕೊಳ್ಳಬೇಕು.

ಸಂಜೆಯಾಗುವ ಮೊದಲು ನಮ್ಮ ಶಾಲೆಯ ನೆರೆಹೊರೆಯಲ್ಲಿಯೇ ಇರುವ ವಾಚನಾಲಯವೊಂದಕ್ಕೆ ಹೋದೆವು. ಅಲ್ಲಿ ಕನ್ನಡ ಪುಸ್ತಕಗಳಿಗೆಂದು ಒಂದು ಕಪಾಟಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. ಕಾದಂಬರಿಗಳು, ಜೀವನಚರಿತ್ರೆಗಳು, ವಚನಗಳ ಸಂಗ್ರಹ, ಮಕ್ಕಳ ಕಥೆಗಳು ಎಲ್ಲವೂ ಧೂಳಿನ ಹೊದಿಕೆಯ ಕೆಳಗೆ ಮಲಗಿದ್ದವು. ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ, ಅದನ್ನು ಯಾವ ಯಾವ ದಿನ ಓದುಗರು ಒಯ್ದರೆಂಬುದರ ಮುದ್ರೆಗಳಿರುತ್ತವಷ್ಟೆ? ಒಂದರಲ್ಲಿ ಕೊನೆಯ ಮುದ್ರೆ 2003ರದು, ಇನ್ನೊಂದರಲ್ಲಿ 1998ರದು. ವಾಚನಾಲಯದ ಮೇಲ್ವಿಚಾರಕರು ಸಜ್ಜನರು. ಅವರು ಸಂಕೋಚದಿಂದಲೇ ಹೇಳಿದರು: ಸ್ಥಳವು ಸಾಲದು; ಬಹುಕಾಲದಿಂದ ಯಾರೂ ಮುಟ್ಟದ ಪುಸ್ತಕಗಳ ಪಟ್ಟಿಯನ್ನು ಮಾಡಬೇಕೆಂದು ಮೇಲಿನವರ ಅಪ್ಪಣೆಯಾಗಿದೆ; ಆ ಪಟ್ಟಿಯ ಪುಸ್ತಕಗಳು ರದ್ದಿಗೆ ಹೋಗುತ್ತವೆ.

ಈ ಮಾತನ್ನು ಕೇಳಿ ನಮಗೆ ಕೋಪ ಬಂದಿತು. ಆದರೆ ಯಾರ ಮೇಲೆ ಕೋಪ ಮಾಡುವುದು? ಅವರು ಕನ್ನಡದ ದ್ವೇಷಿಗಳಲ್ಲ. ಅವರ ಮುಂದೆ ಇರುವುದು ಸ್ಥಳದ ಲೆಕ್ಕ ಮತ್ತು ಮುದ್ರೆಗಳ ಲೆಕ್ಕ. ಆ ಮುದ್ರೆಗಳನ್ನು ಒತ್ತಿಸಬೇಕಾಗಿದ್ದವರು ನಾವು. ಭಾರತದ ಗ್ರಂಥಾಲಯಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಮಂಡಿಸಿದರು. ಪುಸ್ತಕದ ಸಾರ್ಥಕತೆಯು ಅದರ ಬಳಕೆಯಲ್ಲಿದೆಯೆಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಬಳಸದೆ ಇಟ್ಟ ಪುಸ್ತಕವು ಕಪಾಟಿನಲ್ಲಿದ್ದರೂ ಇಲ್ಲದಂತೆಯೇ. ರದ್ದಿಯವನು ಬರುವುದು ಕೊನೆಯಲ್ಲಿ. ಅದಕ್ಕಿಂತ ಎಷ್ಟೋ ವರ್ಷಗಳ ಹಿಂದೆಯೇ ನಾವು ಅದನ್ನು ಕಳೆದುಕೊಂಡಿರುತ್ತೇವೆ. ಅಂದು ಮಕ್ಕಳು ತಾವಾಗಿಯೇ 9 ಪುಸ್ತಕಗಳನ್ನು ಆರಿಸಿ, ನಮ್ಮ ಮತ್ತು ಇನ್ನೊಬ್ಬ ಅಧ್ಯಾಪಕರ ಹೆಸರಿನಲ್ಲಿ ಎರವಲು ತಂದರು. ಆ 9 ಪುಸ್ತಕಗಳ ಹೆಸರು ಪಟ್ಟಿಗೆ ಸೇರಲಾರದು. ಕೆಲಸವು ಸಣ್ಣದು, ಆದರೆ ದಿಟವಾದ ಕೆಲಸ.

ರಾತ್ರಿ ಶಾಲೆಯ ಸಭಾಂಗಣದಲ್ಲಿ ಬಿಳಿಯ ಪರದೆಯನ್ನು ಕಟ್ಟಿ ‘ಬೇಡರ ಕಣ್ಣಪ್ಪ’ ಚಿತ್ರವನ್ನು ತೋರಿಸಿದೆವು. ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ, 1954ರ ಈ ಕಪ್ಪುಬಿಳುಪು ಚಿತ್ರದಲ್ಲಿ ರಾಜಕುಮಾರ್ ಅವರು ಮೊದಲ ಬಾರಿಗೆ ನಾಯಕರಾದರು. ಶಾಲೆಯಲ್ಲಿ ಹೆಚ್ಚು ಕಲಿಯದೆ, ನಾಟಕ ಕಂಪೆನಿಯಲ್ಲಿ ಬೆಳೆದ ಆ ತರುಣನು ಮುಂದೆ ಕನ್ನಡ ಉಚ್ಚಾರಣೆಗೇ ಮಾದರಿಯಾದದ್ದು ನಾಡಿಗೆ ತಿಳಿದ ವಿಷಯ. ಮೊದಮೊದಲು ಮಕ್ಕಳು ನಕ್ಕರು. ವೇಷಗಳನ್ನು ಕಂಡು, ಮಾತಿನ ಧಾಟಿಯನ್ನು ಕೇಳಿ, ಒಂದಾದ ಮೇಲೊಂದು ಬರುವ ಹಾಡುಗಳನ್ನು ಕೇಳಿ ನಕ್ಕರು. ನಾವು ತಡೆಯಲಿಲ್ಲ. ಹರಿಹರನ ರಗಳೆಯಲ್ಲಿ ಬಂದ ಕಥೆಯಿದು: ಶಾಸ್ತ್ರವನ್ನರಿಯದ ಬೇಡನು ಶಿವಲಿಂಗದ ಕಣ್ಣಿನಲ್ಲಿ ರಕ್ತವನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಇಡುತ್ತಾನೆ, ಎರಡನೆಯ ಕಣ್ಣೂ ಒಸರತೊಡಗಿದಾಗ, ಕುರುಡನಾದ ಮೇಲೆ ಜಾಗ ತಪ್ಪಬಾರದೆಂದು ಕಾಲಿನಿಂದ ಗುರುತು ಹಿಡಿದು ಇನ್ನೊಂದು ಕಣ್ಣಿಗೂ ಕೈ ಹಾಕುತ್ತಾನೆ. ಆ ದೃಶ್ಯವು ಬಂದಾಗ ಸಭಾಂಗಣದಲ್ಲಿ ಒಂದು ನಗೆಯೂ ಕೇಳಲಿಲ್ಲ.

ಚಿತ್ರ ಮುಗಿದ ಮೇಲೆ ಮಕ್ಕಳಿಗೆ ಇನ್ನೊಂದು ಚಿತ್ರದ ಕಥೆಯನ್ನು ಹೇಳಿದೆವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಗೆ ಬಂದಿತು. ಅದನ್ನು ಚಿತ್ರಿಸಿದ್ದು ನಮ್ಮ ಈ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಮುಂದೆಯೂ ಬಹುಕಾಲದವರೆಗೆ ಅನೇಕ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾದವು. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಂತೆ ಕನ್ನಡ ವಾಕ್ಚಿತ್ರವೂ ಹೊರನಾಡಿನಲ್ಲಿಯೇ ಹುಟ್ಟಿ ಬೆಳೆದ ಕೂಸು. “ಹಾಗಾದರೆ ಮುಂದಿನ ಸಲ ಅದನ್ನೇ ತೋರಿಸಿ ಸರ್” ಎಂದು ಮಕ್ಕಳು ಒಕ್ಕೊರಲಿನಿಂದ ಕೇಳಿದರು. ತೋರಿಸಲಾಗುವುದಿಲ್ಲ, ಅದರ ಒಂದು ಪ್ರತಿಯೂ ಉಳಿದಿಲ್ಲ. ಸುಲೋಚನೆಯೆಂದರೆ ಚೆಲುವಾದ ಕಣ್ಣುಳ್ಳವಳು. ಆ ಕಣ್ಣುಗಳನ್ನು ನೋಡುವ ಭಾಗ್ಯವು ನಮಗಿಲ್ಲ.

ಹೀಗೇಕಾಯಿತು? ಆ ಕಾಲದ ಫಿಲ್ಮು ಬೇಗ ಬೆಂಕಿ ಹಿಡಿಯುವಂಥದು, ಬೇಗ ಕೆಡುವಂಥದು. ಓಡಿ ಮುಗಿದ ಚಿತ್ರದ ಸುರುಳಿಗಳನ್ನು ಅದರಲ್ಲಿಯ ಬೆಳ್ಳಿಯ ಆಸೆಗಾಗಿ ಮಾರುವುದೂ ಇತ್ತು. ಇನ್ನು ಇದರ ಉಪಯೋಗವೇನು ಎಂದು ಎಲ್ಲರೂ ಎಣಿಸಿದ್ದರು. ಕಳ್ಳರಾರೂ ಬಂದು ಕದಿಯಲಿಲ್ಲ. ಭಾರತದ ಚಿತ್ರಗಳನ್ನು ಕಾಪಾಡುವುದಕ್ಕಾಗಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಆರಂಭವಾದದ್ದು 1964ರಲ್ಲಿ. ಅಲ್ಲಿ ಪಿ. ಕೆ. ನಾಯರ್ ಅವರು ಊರೂರು ಅಲೆದು ಸುರುಳಿಗಳನ್ನು ಕೂಡಿಸಿದರು. 1913ರಲ್ಲಿ ಇದೇ ಮುಂಬಯಿಯ ಗಿರಗಾಂವಿನಲ್ಲಿ ಪ್ರದರ್ಶಿತವಾದ ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ನಾಲ್ಕು ಸುರುಳಿಗಳಲ್ಲಿ ಮೊದಲನೆಯದೂ ಕೊನೆಯದೂ ಉಳಿದುಬಂದಿವೆ. ಹರಿಶ್ಚಂದ್ರನ ಅರ್ಧ ಉಳಿಯಿತು. ಸುಲೋಚನೆ ಪೂರ್ತಿ ಹೋದಳು. ವಾಚನಾಲಯದ ಆ ಕಪಾಟಿಗೂ ಈ ಕಥೆಗೂ ಇರುವ ನಂಟನ್ನು ನಾವು ಬಿಡಿಸಿ ಹೇಳಬೇಕಾಗಲಿಲ್ಲ. ಬೆಳಗ್ಗೆ “ಯಾಕೆ ಸರ್ ಹೋಗುವುದು?” ಎಂದಿದ್ದ ಹುಡುಗನೇ, “ಇನ್ನು ಎಷ್ಟು ಪುಸ್ತಕಗಳಿವೆ ಸರ್ ಆ ಪಟ್ಟಿಯಲ್ಲಿ?” ಎಂದು ಕೇಳಿದನು.

ಇನ್ನು ನಮ್ಮ ಅಭಿಪ್ರಾಯಕ್ಕೆ ಬರುವ ಆಕ್ಷೇಪಗಳನ್ನು ವಿಚಾರಿಸೋಣ. ಹತ್ತನೆಯ ತರಗತಿಯ ಪರೀಕ್ಷೆಯು ಎದುರಿಗಿರುವಾಗ ಇಂಥ ತಿರುಗಾಟವು ಸಲ್ಲದೆಂದು ಕೆಲವು ಪೋಷಕರು ನಮಗೆ ನೇರವಾಗಿಯೇ ಹೇಳಿದರು. ಅವರ ಕಾಳಜಿಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಸಾಗಿಸುತ್ತ ಮಕ್ಕಳ ಶುಲ್ಕ ಕಟ್ಟುವವರ ಭಯವು ಆರಾಮದಲ್ಲಿರುವವರ ಉಪದೇಶದಿಂದ ಹೋಗತಕ್ಕದ್ದಲ್ಲ. ಆದರೆ ಒಂದು ಮಾತು: ಬಾಲಭಾರತಿಯ ಪಠ್ಯಪುಸ್ತಕವನ್ನು ಮಾತ್ರ ಓದಿದವನಿಗೂ, ಅದರ ಜೊತೆಗೆ ಇಷ್ಟಪಟ್ಟು ಹತ್ತು ಪುಸ್ತಕಗಳನ್ನು ಓದಿದವನಿಗೂ ಇರುವ ಅಂತರವನ್ನು ಉತ್ತರಪತ್ರಿಕೆಯ ಮೊದಲ ಪುಟದಲ್ಲಿಯೇ ನಾವು ಕಾಣುತ್ತೇವೆ. ವರ್ಷದಲ್ಲಿ ಎರಡು ದಿನಗಳ ಬಿಡುವಿನಿಂದ ಯಾವ ವಿದ್ಯಾರ್ಥಿಯೂ ಅನುತ್ತೀರ್ಣನಾಗಲಾರನು.

ಎರಡನೆಯ ಆಕ್ಷೇಪವು ವಿದ್ಯಾರ್ಥಿಗಳದೇ: ಎಲ್ಲವೂ ಮೊಬೈಲಿನಲ್ಲಿ ದೊರೆಯುವಾಗ ಧೂಳು ತಿನ್ನುವುದೇಕೆ? ಮೊಬೈಲನ್ನು ನಾವು ಹಳಿಯುವುದಿಲ್ಲ. ಅಪರೂಪದ ಎಷ್ಟೋ ಕನ್ನಡ ಗ್ರಂಥಗಳ ಪುಟಗಳನ್ನು ಅಂತರಜಾಲದಲ್ಲಿ ಓದಿ ನಾವೇ ಉಪಕೃತರಾಗಿದ್ದೇವೆ. ಆದರೆ ಆ ಪುಟಗಳ ಅಂಚಿನಲ್ಲಿ ಯಾವುದಾದರೊಂದು ಗ್ರಂಥಾಲಯದ ಮುದ್ರೆಯಿರುವುದನ್ನು ನೀವು ಗಮನಿಸಿರುವಿರಾ? ಯಾರೋ ಕೊಂಡು, ಯಾರೋ ಓದಿ, ಯಾರೋ ಕಾಪಾಡಿ ಇಟ್ಟಿದ್ದ ಪ್ರತಿಯಿಂದಲೇ ಆ ಚಿತ್ರವನ್ನು ತೆಗೆದದ್ದು. ರದ್ದಿಗೆ ಹೋದ ಪುಸ್ತಕವು ಮೊಬೈಲಿಗೆ ಬರಲಾರದು. ‘ಸತಿ ಸುಲೋಚನಾ’ವನ್ನು ಅಂತರಜಾಲದಲ್ಲಿ ಎಷ್ಟು ಹುಡುಕಿದರೇನು?

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲರ ಮನಸ್ಸಿನಲ್ಲಿಯೂ ಅದಿದೆ. ಈ ನಗರದಲ್ಲಿ ಕನ್ನಡ ಮಾಧ್ಯಮದ ತರಗತಿಗಳು ವರ್ಷ ವರ್ಷವೂ ಕುಗ್ಗುತ್ತಿವೆ. ಹೀಗಿರುವಾಗ ಈ ಕಪಾಟುಗಳನ್ನು ಯಾರಿಗಾಗಿ ಕಾಪಾಡುವುದು? ಈ ಪ್ರಶ್ನೆಯಿಂದ ಅಧ್ಯಾಪಕರಾದ ನಾವೇ ರಾತ್ರಿ ನಿದ್ದೆಗೆಟ್ಟಿದ್ದೇವೆ. ಶಾಲೆಗಳ ಭವಿಷ್ಯವನ್ನು ನಿರ್ಣಯಿಸುವ ಶಕ್ತಿ ನಮ್ಮ ಕೈಯಲ್ಲಿಲ್ಲ. ಆದರೆ ಶಾಲೆಯು ಕೊಡುವುದು ಹತ್ತು ವರ್ಷಗಳ ಓದನ್ನು. ಗ್ರಂಥಾಲಯವು ಕೊಡುವುದು ಮುಂದಿನ ಐವತ್ತು ವರ್ಷಗಳ ಓದನ್ನು. ನಾಳೆ ನೀವು ಯಾವ ಕಾಲೇಜಿಗೆ ಹೋದರೂ, ಯಾವ ಭಾಷೆಯಲ್ಲಿ ದುಡಿದರೂ, ಪುಸ್ತಕವನ್ನು ಕೇಳಿ ತರುವ ಅಭ್ಯಾಸವೊಂದು ಇದ್ದರೆ ಕನ್ನಡವು ನಿಮ್ಮ ಕೈ ತಪ್ಪಲಾರದು.

ಕೊನೆಯದಾಗಿ ನಮ್ಮ ಸಲಹೆಗಳನ್ನು ಹೇಳಿ ಮುಗಿಸುತ್ತೇವೆ. ಪ್ರತಿಯೊಂದು ಸತ್ರದಲ್ಲಿ ಒಂದು ದಿನವನ್ನು ಶಾಲೆಯು ಇಂಥ ಓದಿನ ಬಿಡುವಿಗಾಗಿ ಮೀಸಲಿಡಬೇಕು. ಅದಕ್ಕೆ ಅಂಕಗಳನ್ನು ಕಟ್ಟಕೂಡದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಸಮೀಪದ ವಾಚನಾಲಯದಲ್ಲಿ ಹೆಸರನ್ನು ನೋಂದಾಯಿಸಿ ತಿಂಗಳಿಗೊಂದು ಕನ್ನಡ ಪುಸ್ತಕವನ್ನು ತರಬೇಕು. ಹತ್ತೇ ಪುಟಗಳನ್ನು ಓದಿದರೂ ಚಿಂತೆಯಿಲ್ಲ, ಚೀಟಿಯ ಮೇಲೆ ಮುದ್ರೆ ಬಿದ್ದಿರುತ್ತದೆ. ವರ್ಷಕ್ಕೊಂದು ಹಳೆಯ ಪುಸ್ತಕವನ್ನು ಕೊಂಡು, ಅದರಲ್ಲಿ ಹೆಸರನ್ನೂ ವರ್ಷವನ್ನೂ ಬರೆದು, ಓದಿ ಮುಗಿದ ಮೇಲೆ ಕಿರಿಯರಿಗೆ ದಾಟಿಸಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಸ್ವಂತ ಅಪರಾಧವನ್ನು ಮುಚ್ಚಿಡುವುದು ನ್ಯಾಯವಲ್ಲ. ನಮ್ಮ ಶಾಲೆಯಲ್ಲಿಯೇ ಪುಸ್ತಕಗಳ ದೊಡ್ಡದೊಂದು ಕಪಾಟಿದೆ. ಪುಸ್ತಕಗಳು ಕಳೆದುಹೋದಾವೆಂಬ ಭಯದಿಂದ ಅದಕ್ಕೆ ಬೀಗ ಹಾಕಿ, ಕೀಲಿಕೈಯನ್ನು ನಾವೇ ಮೇಜಿನ ಖಾನೆಯಲ್ಲಿ ಇಟ್ಟು ಬಂದಿದ್ದೇವೆ. ಒಂದು ಪುಸ್ತಕವೂ ಕಳೆದಿಲ್ಲ. ಒಂದನ್ನೂ ಯಾರೂ ಓದಿಲ್ಲ. ವಾಚನಾಲಯದ ಮೇಲ್ವಿಚಾರಕರ ಮುಂದೆ ನಿಂತಾಗ ನಮಗೆ ಆ ಕೀಲಿಕೈಯ ನೆನಪಾಗಿ ಮುಖವೆತ್ತಲಾಗಲಿಲ್ಲ.

ರಜೆ ಮುಗಿದ ಮರುದಿನ ಕಪಾಟನ್ನು ತೆರೆದೆವು. ನಿಘಂಟನ್ನು ಕೊಂಡ ಹುಡುಗಿಯು ಅದಕ್ಕೆ ಹೊಸ ರಟ್ಟನ್ನು ಕಟ್ಟಿ, ಎಲ್ಲರೂ ಬಳಸಲೆಂದು ತಂದು ಮೊದಲ ಸಾಲಿನಲ್ಲಿಟ್ಟಳು. ಕಳೆದ ವಾರ ನಾವು ಅದನ್ನು ತೆರೆದು ನೋಡಿದಾಗ, ‘ಎನ್’ ಅಕ್ಷರದ ಪುಟದಲ್ಲಿ ಪೆನ್ಸಿಲಿನ ಮೂರು ಹೊಸ ಗೆರೆಗಳಿದ್ದವು. ಕೀಲಿಕೈಯು ಈಗ ಅಧ್ಯಾಪಕರ ಕೊಠಡಿಯ ಬಾಗಿಲ ಬಳಿಯ ಮೊಳೆಯಲ್ಲಿ ತೂಗುತ್ತಿದೆ. ಅದನ್ನು ತೆಗೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಪುಸ್ತಕವನ್ನು ಒಯ್ಯುವಾಗ ಪಕ್ಕದ ವಹಿಯಲ್ಲಿ ನಿಮ್ಮ ಹೆಸರನ್ನೂ ದಿನಾಂಕವನ್ನೂ ಬರೆದರೆ ಸಾಕು.